ಮೂಲ ದನಿಯೋ, ಕನ್ನಡ ಡಬ್ಬಿಂಗೋ, ಸಬ್‌ಟೈಟಲ್ಲೋ? ಬಳ್ಳಾರಿ–ರಾಯಚೂರು ಕಡೆಯ ಮನೆಗಳಿಗೊಂದು ಹೋಲಿಕೆ

ಒಂದೇ ಸಿನಿಮಾ ಈಗ ನಾಲ್ಕೈದು ಭಾಷೆಗಳಲ್ಲಿ ಮನೆಗೆ ಬರುತ್ತದೆ. ರಿಮೋಟ್‌ನಲ್ಲಿ ಆಡಿಯೊ ಒತ್ತಿದರೆ ತೆಲುಗು, ಕನ್ನಡ, ತಮಿಳು, ಮಲಯಾಳಂ, ಹಿಂದಿ ಎಂದು ಸಾಲಾಗಿ ತೋರಿಸುತ್ತದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಚರ್ಚೆ ಶುರುವಾಗುವುದೇ ಅಲ್ಲಿ. ಅಪ್ಪನಿಗೆ ತೆಲುಗು ಸಲೀಸು. ಧಾರವಾಡದಿಂದ ಬಂದ ಸೊಸೆಗೆ ತೆಲುಗಿನ ಗಂಧವೇ ಇಲ್ಲ. ಅಜ್ಜಿಗೆ ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಕ್ಕಳು ಯಾವ ಭಾಷೆ ಹಾಕಿದರೂ ನೋಡುತ್ತಾರೆ, ಆದರೆ ಅರ್ಧ ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ.

ನನ್ನ ಮಾತು ಇಷ್ಟೇ: ಸಿನಿಮಾ ಆರಿಸಿದ ಮೇಲೆ ದನಿ ಆರಿಸುವಾಗ, ಕೂತವರಲ್ಲಿ ಯಾರಿಗೆ ಆ ಭಾಷೆ ಎಲ್ಲರಿಗಿಂತ ಕಡಿಮೆ ಬರುತ್ತದೋ ಅವರನ್ನು ನೋಡಿ ಆರಿಸಿ. ಮೂಲವೇ ಶ್ರೇಷ್ಠ, ಡಬ್ಬಿಂಗ್ ಎಂದರೆ ಕೀಳು ಎನ್ನುವವರು ಒಬ್ಬರೇ ಕೂತು ಮೊಬೈಲ್‌ನಲ್ಲಿ ನೋಡುವವರು. ಅವರ ಮಾತಿನಲ್ಲೂ ನಿಜ ಇದೆ. ಆದರೆ ಮನೆಮಂದಿ ಕೂಡಿ ನೋಡುವಾಗ ಒಬ್ಬರು ಮಾತ್ರ ಎರಡೂವರೆ ಗಂಟೆ "ಏನಂದ? ಯಾಕೆ ನಕ್ರಿ?" ಎಂದು ಕೇಳುತ್ತಾ ಕೂರುವುದು ಸರಿಯಲ್ಲ. ನಾಲ್ಕು ಸಲ ಕೇಳಿ ಅವರು ಸುಮ್ನಾಗುತ್ತಾರೆ. ಆಮೇಲೆ ಅಡುಗೆಮನೆಗೆ ಹೋಗುತ್ತಾರೆ. ಹಾಗೆ ಹೋಗುವವರು ಹೆಚ್ಚಾಗಿ ಮನೆಯ ಹೆಂಗಸರು ಮತ್ತು ಹಿರಿಯರು.

ತೆಲುಗು ಸಿನಿಮಾ: ಇಲ್ಲೇ ಲೆಕ್ಕ ಜಾಸ್ತಿ

ಬೇರೆ ಕಡೆಯವರಿಗೆ ಇದು ಇಷ್ಟು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಮಗೆ ಹಾಗಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಮೂರೇ ವರ್ಷಕ್ಕೆ, 1956ರಲ್ಲಿ, ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಈ ಕಡೆ ಬಂತು, ಅದರ ಗದ್ವಾಲ, ಆಲಂಪುರ ಆ ಕಡೆ ಉಳಿದವು. ಗೆರೆ ಎಳೆದರೂ ಬೀಗತನ ನಿಲ್ಲಲಿಲ್ಲ. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪದ ಸುತ್ತ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳು, ಅಂದರೆ ಕ್ಯಾಂಪ್‌ಗಳು, ಎದ್ದವು. ಹಾಗಾಗಿ ಬಳ್ಳಾರಿ ಪೇಟೆಯ ತೆಲುಗು ಬೇರೆ, ಕ್ಯಾಂಪ್‌ನ ತೆಲುಗು ಬೇರೆ. ನಾಟಕದ ಕಾಲದಲ್ಲೂ ಈ ಊರು ಎರಡು ಭಾಷೆಯದೇ. ಬಳ್ಳಾರಿ ರಾಘವರು ತೆಲುಗಿನಲ್ಲೂ ಕನ್ನಡದಲ್ಲೂ ರಂಗದ ಮೇಲೆ ನಿಂತವರು.

ಇಷ್ಟು ತೆಲುಗು ಗೊತ್ತಿರುವ ಕಡೆ ತೆಲುಗು ಸಿನಿಮಾವನ್ನು ಕನ್ನಡ ಡಬ್ಬಿಂಗ್‌ನಲ್ಲಿ ಯಾಕೆ ನೋಡಬೇಕು? ಇದಕ್ಕೆ ಒಂದೇ ಉತ್ತರ ಇಲ್ಲ. ಸಿನಿಮಾದ ಬಗೆ ನೋಡಬೇಕು.

ಯುದ್ಧ, ಹೊಡೆದಾಟ, ದೊಡ್ಡ ಸೆಟ್, ಗ್ರಾಫಿಕ್ಸ್ ಇರುವ ಸಿನಿಮಾ ಆದರೆ ಕನ್ನಡ ಡಬ್ಬಿಂಗ್ ಹಾಕಿ. ಇಂಥವುಗಳಲ್ಲಿ ಮಾತು ಕಡಿಮೆ, ಇರುವ ಮಾತೂ ನೇರ. ಕಥೆ ಕಣ್ಣಿಂದ ಅರ್ಥವಾಗುತ್ತದೆ. 2022ರ ಆರ್‌ಆರ್‌ಆರ್ ಮೂರು ಗಂಟೆ ದಾಟುತ್ತದೆ. ಅಷ್ಟು ಹೊತ್ತು ಪರಭಾಷೆ ಕೇಳಿ ಅಜ್ಜಿಗೆ ಸುಸ್ತಾಗುವ ಬದಲು ಕನ್ನಡದಲ್ಲಿ ಆರಾಮಾಗಿ ನೋಡಲಿ. ಕಳೆದುಕೊಳ್ಳುವುದು ಕಡಿಮೆ.

ಕಾಮಿಡಿಗೆ ಮಾತ್ರ ಮೂಲವೇ ಬೇಕು. ಇಲ್ಲಿ ನಾನು ರಾಜಿ ಆಗುವುದಿಲ್ಲ. ತೆಲುಗು ಹಾಸ್ಯದ ಅರ್ಧ ಜೀವ ರಾಗದಲ್ಲಿದೆ. ಗೋದಾವರಿ ಕಡೆಯವನು ಎಳೆದು ಮಾತಾಡುವುದು, ರಾಯಲಸೀಮೆಯವನು ಗಡುಸಾಗಿ ಮಾತಾಡುವುದು, ತೆಲಂಗಾಣದವನ ಮಾತಿನ ಧಾಟಿ, ಇವೆಲ್ಲ ಕನ್ನಡಕ್ಕೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಬೆಂಗಳೂರು ಕನ್ನಡ ಆಗಿಬಿಡುತ್ತದೆ. ನಗು ಬರಬೇಕಾದ ಜಾಗದಲ್ಲಿ ಬರೀ ಅರ್ಥ ಬರುತ್ತದೆ. ಮನೆಯಲ್ಲಿ ತೆಲುಗು ಬಾರದವರಿದ್ದರೆ ಆವತ್ತು ತೆಲುಗು ಕಾಮಿಡಿ ಬೇಡ, ಕನ್ನಡದ್ದೇ ಒಂದು ಕಾಮಿಡಿ ಹಾಕಿ. ಅದು ಡಬ್ಬಿಂಗ್‌ಗಿಂತ ಒಳ್ಳೆಯ ಆಯ್ಕೆ.

ಪೌರಾಣಿಕ ಸಿನಿಮಾ, ಧಾರಾವಾಹಿಗಳಿಗೆ ಕನ್ನಡ ಡಬ್ಬಿಂಗ್ ಚೆನ್ನಾಗಿ ಒಪ್ಪುತ್ತದೆ. ಅಲ್ಲಿನ ಮಾತು ಹೇಗಿದ್ದರೂ ಗ್ರಾಂಥಿಕ. ನಮ್ಮ ಕಡೆ ಬಯಲಾಟ ನೋಡಿ ಬೆಳೆದವರಿಗೆ ಆ ಧಾಟಿ ಹೊಸದಲ್ಲ. 2020ರ ಲಾಕ್‌ಡೌನ್‌ನಲ್ಲಿ ಧಾರಾವಾಹಿಗಳ ಶೂಟಿಂಗ್ ನಿಂತಾಗ ಸ್ಟಾರ್ ಸುವರ್ಣದಲ್ಲಿ ಹಿಂದಿಯ ಮಹಾಭಾರತ ಕನ್ನಡ ಡಬ್ಬಿಂಗ್‌ನಲ್ಲಿ ಬಂತಲ್ಲ, ಅದನ್ನು ಹಿರಿಯರು ಎಷ್ಟು ಪ್ರೀತಿಯಿಂದ ನೋಡಿದರು! ಅವರಲ್ಲಿ ಎಷ್ಟೋ ಜನ 1987ರಲ್ಲಿ ದೂರದರ್ಶನದ ರಾಮಾಯಣವನ್ನು ಹಿಂದಿಯಲ್ಲಿ, ಕಥೆ ಮೊದಲೇ ಗೊತ್ತಿದೆ ಎಂಬ ಧೈರ್ಯದ ಮೇಲೆ ನೋಡಿದವರು. ಈಗ ಹಾಗೆ ಊಹೆ ಮಾಡಿಕೊಂಡು ಕೂರಬೇಕಾಗಿಲ್ಲ.

ಪ್ರೇಮಕಥೆ, ಹಾಡು ಜಾಸ್ತಿ ಇರುವ ಸಿನಿಮಾ ಆದರೆ ಮತ್ತೆ ಮೂಲದ ಕಡೆಗೇ ವಾಲುತ್ತೇನೆ. ಟ್ಯೂನ್ ಮೊದಲೇ ಗಟ್ಟಿಯಾಗಿದೆ, ಅದಕ್ಕೆ ಕನ್ನಡ ಪದ ತುರುಕಬೇಕು, ಮೇಲೆ ಪರದೆಯಲ್ಲಿ ತುಟಿ ಬೇರೆ ಕಾಣುತ್ತಿರುತ್ತದೆ. ಬರೆಯುವವರದ್ದು ಕಷ್ಟದ ಕೆಲಸ, ಆದರೂ ಹೆಚ್ಚಿನ ಹಾಡುಗಳು ಮನಸ್ಸಿಗೆ ಹತ್ತುವುದಿಲ್ಲ.

ಡಬ್ಬಿಂಗ್ ಚೆನ್ನಾಗಿದೆಯೋ ಇಲ್ಲವೋ, ಬೇಗ ತಿಳಿಯುವುದು ಹೇಗೆ

ತೆಲುಗಿನಿಂದ ಕನ್ನಡಕ್ಕೆ ಬರುವ ಡಬ್ಬಿಂಗ್ ಇಂಗ್ಲಿಷ್‌ನಿಂದ ಬರುವುದಕ್ಕಿಂತ ಸಹಜವಾಗಿ ಕೇಳಲು ಕಾರಣ ಇದೆ. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಟ ಕೊನೆಗೆ ಕಣ್ಣು ಕೆಂಪು ಮಾಡಿ ಒತ್ತಿ ಹೇಳುವ ಮಾತು ಇಲ್ಲೂ ಕೊನೆಗೇ ಬೀಳುತ್ತದೆ. ಇಂಗ್ಲಿಷ್‌ನಲ್ಲಿ ಆ ಜೋಡಣೆಯೇ ಬೇರೆ, ಮುಖದ ಒತ್ತು ಒಂದು ಕಡೆ, ಮಾತಿನ ಒತ್ತು ಇನ್ನೊಂದು ಕಡೆ ಆಗುತ್ತದೆ.

ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಬೇಕು. ಕ್ಯಾಮೆರಾ ಮುಖದ ಹತ್ತಿರ ಇದ್ದಾಗ ತುಟಿ ಮುಚ್ಚಿದ್ದಕ್ಕೂ ಮಾತಿಗೂ ತಾಳೆ ಇದ್ದರೆ ಬರೆದವರು ಶ್ರಮ ಪಟ್ಟಿದ್ದಾರೆ ಎಂದರ್ಥ. ಆಮೇಲೆ ಹಿಂದಿನ ಸದ್ದು ಕೇಳಿ. ಸಂತೆ, ಬಸ್ಸು, ಮಳೆ ಇರುವ ದೃಶ್ಯದಲ್ಲಿ ಆ ಸದ್ದು ತುಂಬಿಕೊಂಡು ಬರಬೇಕು. ಸಂಗೀತ ಮತ್ತು ಸದ್ದಿನ ಟ್ರ್ಯಾಕ್ ಬೇರೆಯಾಗಿ ಸಿಗದೆ ಡಬ್ ಮಾಡಿದ ಸಿನಿಮಾದಲ್ಲಿ ಮಾತು ಮಾತ್ರ ಕೇಳುತ್ತದೆ, ಸುತ್ತ ಖಾಲಿ ಖಾಲಿ. ಮೊದಲ ಹತ್ತು ನಿಮಿಷದಲ್ಲಿ ಇವೆರಡೂ ಸರಿ ಇಲ್ಲ ಅನ್ನಿಸಿದರೆ ಭಾಷೆ ಬದಲಿಸಿ, ಮುಂದೆ ಸರಿಹೋಗುವುದಿಲ್ಲ.

ಕನ್ನಡಕ್ಕೆ ಡಬ್ಬಿಂಗ್ ಎಂಬುದೇ ನಮಗೆ ತಡವಾಗಿ ಸಿಕ್ಕಿದ್ದು. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ದಶಕಗಟ್ಟಲೆ ಅದು ನಿಂತಿತ್ತು. ಆಗ ಕನ್ನಡ ಚಿತ್ರರಂಗ ಇನ್ನೂ ಚಿಕ್ಕದು, ತನ್ನ ಕಾಲ ಮೇಲೆ ನಿಲ್ಲಬೇಕಿತ್ತು, ಆ ಕಾಳಜಿ ನನಗೆ ಅರ್ಥವಾಗುತ್ತದೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್‌ಗೆ ಅಡ್ಡಿ ಮಾಡುವುದು ಸರಿಯಲ್ಲ ಎಂದ ಮೇಲೆ ಬಾಗಿಲು ತೆರೆಯಿತು. ಹಾಗಾಗಿ ತೆಲುಗು, ತಮಿಳಿನವರಿಗಿದ್ದಷ್ಟು ಅಭ್ಯಾಸ ನಮ್ಮ ಡಬ್ಬಿಂಗ್‌ಗೆ ಇನ್ನೂ ಆಗುತ್ತಿದೆ. ಚೆನ್ನಾಗಿ ಆದದ್ದನ್ನು ನೋಡಿದರೆ, ನಾಲ್ಕು ಜನಕ್ಕೆ ಹೇಳಿದರೆ, ಅದು ಇನ್ನೂ ಚೆನ್ನಾಗುತ್ತದೆ.

ಮಲಯಾಳಂ, ಹಿಂದಿ, ಇಂಗ್ಲಿಷ್

ಮಲಯಾಳಂ ನಮ್ಮ ಕಡೆ ಗೊತ್ತಿರುವವರು ಕಡಿಮೆ. ಆದರೆ ಒಳ್ಳೆಯ ಸಸ್ಪೆನ್ಸ್, ಒಳ್ಳೆಯ ಮನೆಕಥೆ ಅಲ್ಲಿ ಸಿಗುತ್ತವೆ. ಇಂಥ ಸಿನಿಮಾ ಮೆಲ್ಲಗೆ ಮಾತಾಡುತ್ತದೆ. ಒಂದು ನೋಟ, ಒಂದು ತಡವರಿಕೆಯಲ್ಲಿ ಕಥೆ ತಿರುಗುತ್ತದೆ. ಅಕ್ಷರ ಓದಲು ಕಣ್ಣು ಕೆಳಗೆ ಇಳಿಸಿದಾಗಲೇ ಆ ನೋಟ ತಪ್ಪುತ್ತದೆ. ಆದ್ದರಿಂದ ಬೇಗ ಓದುವವರು ಮಾತ್ರ ಮೂಲ ಮತ್ತು ಸಬ್‌ಟೈಟಲ್ ಇಟ್ಟುಕೊಳ್ಳಿ. ಉಳಿದವರಿಗೆ ಕನ್ನಡ ಡಬ್ಬಿಂಗ್. ಕನ್ನಡದ್ದು ಇಲ್ಲದಿದ್ದರೆ, ಎಲ್ಲರಿಗೂ ತೆಲುಗು ಬರುವ ಮನೆಯಲ್ಲಿ ತೆಲುಗು ಡಬ್ಬಿಂಗ್ ಕೂಡ ಸರಿಯೇ. ಇನ್ನೊಂದು ತೊಂದರೆ, ಸಬ್‌ಟೈಟಲ್ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಸಿಗುತ್ತದೆ. ಕನ್ನಡ ಅಕ್ಷರ ಓದುವವರು ಪ್ರತಿ ಮನೆಯಲ್ಲೂ ಇದ್ದಾರೆ, ಅವರಿಗೆ ಕನ್ನಡ ಸಬ್‌ಟೈಟಲ್ ಕೊಡಲು ಯಾಕೆ ಮನಸ್ಸು ಮಾಡುವುದಿಲ್ಲವೋ! ಸಿಕ್ಕಿದರೆ ಬಿಡಬೇಡಿ. ಅಕ್ಷರದ ಗಾತ್ರ ದೊಡ್ಡದು ಮಾಡುವ ಸೆಟ್ಟಿಂಗ್ ಹಲವು ಆ್ಯಪ್‌ಗಳಲ್ಲಿ ಇದೆ. 32 ಇಂಚಿನ ಟಿವಿಯನ್ನು ಹಾಲ್‌ನ ಆ ತುದಿಯಿಂದ ನೋಡುವವರು ಅದನ್ನು ಮೊದಲು ಮಾಡಿ.

ಹಿಂದಿಗೆ ಹೆಚ್ಚು ಯೋಚಿಸಬೇಕಿಲ್ಲ. ದಖನಿ (ನಮ್ಮ ಕಡೆಯ ಉರ್ದು) ಮಾತಾಡುವ ರಾಯಚೂರು, ಬಳ್ಳಾರಿಯ ಮನೆಗಳಲ್ಲಿ ಮೂಲವೇ ಸರಿ. ಉಳಿದ ಕಡೆ ಅಜ್ಜಿ ಇದ್ದರೆ ಕನ್ನಡ, ಇಲ್ಲದಿದ್ದರೆ ಹಿಂದಿ.

ಇಂಗ್ಲಿಷ್ ಸಿನಿಮಾದಲ್ಲಿ ಪ್ರಾಣಿ, ಸೂಪರ್ ಹೀರೊ, ಕಾರ್ಟೂನ್ ಕಥೆಗಳನ್ನು ಕನ್ನಡದಲ್ಲಿ ಸಿಕ್ಕರೆ ಕನ್ನಡದಲ್ಲೇ ನೋಡಿ. ಕಾರ್ಟೂನ್‌ಗೆ ಎಲ್ಲ ಭಾಷೆಯಲ್ಲೂ ಯಾರೋ ಒಬ್ಬರು ಸ್ಟುಡಿಯೋದಲ್ಲಿ ಕೂತೇ ದನಿ ಕೊಡಬೇಕು. ಹಾಗಾಗಿ ಅಲ್ಲಿ ಡಬ್ಬಿಂಗ್ ಯಾವತ್ತೂ ಕೃತಕ ಅನ್ನಿಸುವುದಿಲ್ಲ.

ರಿಮೇಕ್ ಎಂಬ ಇನ್ನೊಂದು ದಾರಿ

ಡಬ್ಬಿಂಗ್ ಬೇಡ, ಮೂಲವೂ ಅರ್ಥವಾಗದು ಎಂದರೆ ರಿಮೇಕ್ ಇದೆಯಾ ನೋಡಿ. ಮಲಯಾಳಂನ 2013ರ ದೃಶ್ಯಂ, 2014ರಲ್ಲಿ ರವಿಚಂದ್ರನ್ ನಟಿಸಿದ ದೃಶ್ಯ ಆಗಿ ಕನ್ನಡಕ್ಕೆ ಬಂತು. ಅದೇ ವರ್ಷ ತೆಲುಗಿನಲ್ಲೂ ಆಯಿತು. ಹೀಗೆ ಮೂರೂ ಇರುವಾಗ ಹಿರಿಯರಿಗೆ ನಾನು ಕನ್ನಡದ್ದನ್ನೇ ಹಾಕುತ್ತೇನೆ. ಊಟ, ಉಡುಗೆ, ಪೊಲೀಸ್ ಠಾಣೆಯ ಬೋರ್ಡು, ಮನೆಯವರು ಒಬ್ಬರನ್ನೊಬ್ಬರು ಕರೆಯುವ ರೀತಿ ಎಲ್ಲ ನಮ್ಮದಾಗಿರುತ್ತದೆ. ಡಬ್ಬಿಂಗ್‌ನಲ್ಲಿ ಬಾಯಿ ಮಾತ್ರ ಕನ್ನಡ, ಗೋಡೆ ಮೇಲಿನ ಅಕ್ಷರ ಮಲಯಾಳಂ. ಸಿನಿಮಾವನ್ನು ಅಭ್ಯಾಸ ಮಾಡಿ ನೋಡುವವರಿಗೆ ಮೂಲ ಬೇಕೇ ಬೇಕು. ಆದರೆ ಅವರು ಅದನ್ನು ಮರುದಿನ ಒಬ್ಬರೇ ನೋಡಬಹುದು, ಅಲ್ವಾ?

ಕನ್ನಡ ಸಿನಿಮಾದಲ್ಲೂ ಆಯ್ಕೆ ಇದೆ

ಕನ್ನಡ ಸಿನಿಮಾಕ್ಕೆ ಈ ತಲೆನೋವೇ ಇಲ್ಲ ಎಂದುಕೊಳ್ಳುತ್ತೇವೆ. ಹಾಗೇನಿಲ್ಲ. ತಿಥಿ ಸಿನಿಮಾದಲ್ಲಿ ಮಂಡ್ಯ ಕಡೆಯ ಹಳ್ಳಿಯವರೇ, ನಟನೆ ಗೊತ್ತಿಲ್ಲದವರೇ, ತಮ್ಮ ಮಾತನ್ನೇ ಆಡುತ್ತಾರೆ. 2022ರ ಕಾಂತಾರದಲ್ಲಿ ಕರಾವಳಿಯ ಕನ್ನಡ. ನಮ್ಮ ಕಡೆಯ ಹಿರಿಯರಿಗೆ ಇವೆರಡೂ ಮೊದಲ ಕಾಲು ಗಂಟೆ ಕಷ್ಟ. ಆದರೆ ಭಾಷೆ ಬದಲಿಸಬೇಡಿ. ಸಬ್‌ಟೈಟಲ್ ಓದುವವರೊಬ್ಬರು ಪಕ್ಕದಲ್ಲಿ ಕೂತು ಶುರುವಿನಲ್ಲಿ ಒಂದೆರಡು ಮಾತು ತಿಳಿಸಿದರೆ ಸಾಕು, ಕಿವಿ ತಾನಾಗಿ ಹೊಂದಿಕೊಳ್ಳುತ್ತದೆ. ಇಂಥ ಸಿನಿಮಾಗಳ ಸೊಗಸೇ ಆ ಊರಿನ ಮಾತು.

ನಮ್ಮ ಊರಿನ ಮಾತು ಪರದೆ ಮೇಲೆ ಕಡಿಮೆ. ಬಂದರೂ ಹೆಚ್ಚಾಗಿ ನಗಿಸುವ ಪಾತ್ರಕ್ಕೋ, ರೌಡಿಗೋ ಬರುತ್ತದೆ. ಇದು ನನಗೆ ನೋವಿನ ಸಂಗತಿ. ತೆಲುಗಿನ ರಾಯಲಸೀಮೆ ಪಾತ್ರ ಕನ್ನಡಕ್ಕೆ ಬರುವಾಗ ಬಳ್ಳಾರಿ ಕನ್ನಡ ಮಾತಾಡಿದರೆ ಎಷ್ಟು ಚೆನ್ನಾಗಿರುತ್ತದೆ! ಗಡಿಯ ಆ ಕಡೆ ಈ ಕಡೆ ಇರುವ ಜನ, ಮಾತಿನ ಗತ್ತು ಒಂದೇ. ಡಬ್ಬಿಂಗ್ ಮಾಡುವವರು ಇದನ್ನು ಯೋಚಿಸಬೇಕು.

ಕ್ಯಾಂಪ್‌ಗಳ ತೆಲುಗು ಮನೆಗಳಿಗೂ ಒಂದು ಮಾತು. ಕೆಜಿಎಫ್‌ನಂಥ ಕನ್ನಡ ಸಿನಿಮಾವನ್ನು ನೀವು ತೆಲುಗು ಡಬ್ಬಿಂಗ್‌ನಲ್ಲಿ ನೋಡುತ್ತೀರಿ. ಸಂತೆ, ಶಾಲೆ, ತಾಲ್ಲೂಕು ಕಚೇರಿ ಎಲ್ಲ ಕಡೆ ಕನ್ನಡ ಮಾತಾಡುವವರು ನೀವು. ಒಮ್ಮೆ ಕನ್ನಡದಲ್ಲಿ ಹಾಕಿ ನೋಡಿ.

ಕೂಲರ್ ಸದ್ದಿನಲ್ಲಿ ಯಾವ ದನಿ ಕೇಳುತ್ತದೆ?

ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕೂಲರ್ ಇಲ್ಲದೆ ಕೂರಲು ಆಗುವುದಿಲ್ಲ, ಕೂಲರ್ ಹಾಕಿದರೆ ಮಾತು ಕೇಳುವುದಿಲ್ಲ. ಶೂಟಿಂಗ್ ಜಾಗದಲ್ಲೇ ದನಿ ಹಿಡಿದ ಸಿನಿಮಾಗಳಲ್ಲಿ ಮಾತು ಮೆಲ್ಲಗೆ, ಸಹಜವಾಗಿ ಇರುತ್ತದೆ. ಥಿಯೇಟರ್‌ನಲ್ಲಿ ಅದು ಚೆಂದ. ಕೂಲರ್ ಪಕ್ಕ ಅರ್ಧ ಮಾಯ. ಡಬ್ಬಿಂಗ್ ಮಾತು ಸ್ಟುಡಿಯೋದಲ್ಲಿ ಮೈಕ್ ಮುಂದೆ ಆಡಿದ್ದು, ಬಿಡಿಬಿಡಿಯಾಗಿ ಕೇಳುತ್ತದೆ. ಬೇಸಿಗೆ ಮಧ್ಯಾಹ್ನ ಕಿವಿ ಮಂದ ಆದವರಿದ್ದರೆ ಡಬ್ಬಿಂಗ್‌ಗೆ ಒಂದು ಅಂಕ ಜಾಸ್ತಿ ಕೊಡಿ. ಮೆಲುಮಾತಿನ ಸಿನಿಮಾಗಳನ್ನು ಚಳಿಗಾಲದ ರಾತ್ರಿಗೆ ಇಟ್ಟುಕೊಳ್ಳಿ.

ಫೈಟ್ ಬಂದಾಗ ಕಿವಿ ಹರಿಯುವಷ್ಟು ಸದ್ದು, ಮಾತು ಬಂದಾಗ ಪಿಸುಪಿಸು, ಈ ತೊಂದರೆಗೂ ದಾರಿ ಇದೆ. ಥಿಯೇಟರ್‌ನ ಸುತ್ತಲಿನ ಸ್ಪೀಕರ್‌ಗಳಿಗೆಂದು ಮಾಡಿದ ದನಿ ಟಿವಿಯ ಎರಡು ಸಣ್ಣ ಸ್ಪೀಕರ್‌ನಿಂದ ಬರುವಾಗ ಹೀಗಾಗುತ್ತದೆ. ಆ್ಯಪ್‌ನ ಆಡಿಯೊದಲ್ಲಿ 5.1 (ಸುತ್ತಲಿನ ಸ್ಪೀಕರ್‌ಗಳ ದನಿ) ಬದಲು ಸ್ಟೀರಿಯೊ (ಎರಡು ಸ್ಪೀಕರ್‌ನ ದನಿ) ಇದ್ದರೆ ಅದನ್ನು ಆರಿಸಿ.

ಚಾನೆಲ್ಲಿನಲ್ಲೋ, ಆ್ಯಪಿನಲ್ಲೋ

ಸಿನಿಮಾ ಚಾನೆಲ್‌ನಲ್ಲಿ ದನಿ ಬದಲಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಅವರು ಹಾಕಿದ್ದೇ ಭಾಷೆ. ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದು ಎಂಬ ನಿಯಮ ಇದೆ. ಅಷ್ಟೇ ಹಾಕಿದರೂ ಎರಡೂವರೆ ಗಂಟೆಯ ಸಿನಿಮಾ ಮೂರು ಗಂಟೆ ದಾಟುತ್ತದೆ. ಆದರೆ ಚಾನೆಲ್‌ಗೆ ಒಂದು ಅನುಕೂಲ ಇದೆ: 'ಎ' ಸರ್ಟಿಫಿಕೇಟ್ ಸಿನಿಮಾವನ್ನು ಹಾಗೇ ಟಿವಿಯಲ್ಲಿ ಹಾಕುವಂತಿಲ್ಲ, ಕತ್ತರಿಸಿ ಬೇರೆ ಸರ್ಟಿಫಿಕೇಟ್ ಪಡೆಯಬೇಕು. ಮಕ್ಕಳು, ಮಾವ, ಅತ್ತೆ ಎಲ್ಲ ಕೂತಾಗ ಮುಜುಗರ ಕಡಿಮೆ. ಆ್ಯಪ್‌ನಲ್ಲಿ ಆ ಕತ್ತರಿ ಇರುವುದಿಲ್ಲ. ಶುರುವಿನಲ್ಲಿ ತೋರಿಸುವ 7+, 13+, 16+ ಗುರುತು ನೋಡಿಯೇ ಮುಂದುವರಿಯಿರಿ. 13+ ಮತ್ತು ಅದರ ಮೇಲಿನವುಗಳಿಗೆ ಲಾಕ್ ಹಾಕುವ ಸೌಲಭ್ಯ ಕೊಡಬೇಕು ಎಂದು 2021ರ ನಿಯಮ ಹೇಳುತ್ತದೆ, ಅದನ್ನು ಬಳಸಿ.

ದುಡ್ಡು ಕಟ್ಟುವ ಮೊದಲು ಇನ್ನೊಂದು ನೋಡಿಕೊಳ್ಳಿ. ಸಿನಿಮಾ ಆ ಆ್ಯಪ್‌ನಲ್ಲಿ ಇದೆ ಎಂದರೆ ಕನ್ನಡದಲ್ಲೂ ಇದೆ ಎಂದಲ್ಲ. ಆರ್‌ಆರ್‌ಆರ್ ಮೊದಲು ಬಂದಾಗ ಹಿಂದಿ ನೆಟ್‌ಫ್ಲಿಕ್ಸ್‌ನಲ್ಲಿ, ಕನ್ನಡ, ತೆಲುಗು ಜೀ5ನಲ್ಲಿ ಇದ್ದವು. ಕಾಂತಾರವೂ ಹಾಗೆ, ಕನ್ನಡ ಪ್ರೈಮ್‌ನಲ್ಲಿ, ಹಿಂದಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಸಿನಿಮಾದ ಪುಟದಲ್ಲಿ ಭಾಷೆಗಳ ಪಟ್ಟಿ ಇರುತ್ತದೆ, ಅದನ್ನು ಓದಿ ಆಮೇಲೆ ಪ್ಲಾನ್ ತೆಗೆದುಕೊಳ್ಳಿ.

ಮೊಬೈಲ್ ಡೇಟಾದಿಂದ ಟಿವಿಗೆ ಹಾಕುವವರು ಎಚ್‌ಡಿ ಬೇಡ. ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೂ ಹೋಗಬಹುದು, ದಿನದ 2 ಜಿಬಿ ಪ್ಯಾಕ್ ಇಂಟರ್ವೆಲ್‌ಗೂ ಸಾಲದು. ಡೌನ್‌ಲೋಡ್ ಮಾಡಿಕೊಳ್ಳುವುದಾದರೆ ಭಾಷೆ ಮೊದಲೇ ಆರಿಸಿ. ಕೆಲವು ಆ್ಯಪ್‌ಗಳಲ್ಲಿ ನೀವು ಆರಿಸಿದ ದನಿ ಮಾತ್ರ ಇಳಿಯುತ್ತದೆ. ಆಮೇಲೆ ಕರೆಂಟು, ನೆಟ್ ಇಲ್ಲದ ಹೊತ್ತಿನಲ್ಲಿ ಕನ್ನಡ ಹುಡುಕಿದರೆ ಸಿಗುವುದಿಲ್ಲ.

ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿಕೊಡಿ, ಭಾಷೆ ಆರಿಸುವ ಅವಕಾಶ ಇದ್ದರೆ ಕನ್ನಡ ಇಟ್ಟುಬಿಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದುವ ಮಗು ದಿನಕ್ಕೆ ಅರ್ಧ ಗಂಟೆ ಕನ್ನಡದ ಕಾರ್ಟೂನ್ ನೋಡಿದರೆ ಕಥೆಯ ಕನ್ನಡ ಕಿವಿಗೆ ಬೀಳುತ್ತದೆ. ದೊಡ್ಡವರ ಪ್ರೊಫೈಲ್‌ನಲ್ಲಿ ಕೊನೆಗೆ ಬಳಸಿದ ಭಾಷೆಯೇ ಉಳಿದುಕೊಂಡಿರುವುದು ಉಂಟು. ರಾತ್ರಿ ತೆಲುಗು ನೋಡಿ ಮಲಗುವವರು ಆಡಿಯೊವನ್ನು ಮತ್ತೆ ಕನ್ನಡಕ್ಕೆ ಹಾಕಿ ಟಿವಿ ಆಫ್ ಮಾಡಿ. ಮಧ್ಯಾಹ್ನ ಅಜ್ಜಿ ಒಬ್ಬರೇ ಕೂತಾಗ ಆ ಬಟನ್ ಹುಡುಕಿಕೊಡಲು ಮನೆಯಲ್ಲಿ ಯಾರೂ ಇರುವುದಿಲ್ಲ.